ಎಲ್ಲರಿಂದಲೂ ಐದು-ಒಂಬತ್ತು

ಏಪ್ರಿಲ್ 6, ಸೋಮವಾರ

ಅಕ್ಕ,

ನೀರಿನ ಟ್ಯಾಂಕಿನ ಮೇಲಿನ ನಮ್ಮ ರಿಪೀಟರ್ ನಿನ್ನೆ ಬೆಳಿಗ್ಗೆ ಕೆಲಸ ಶುರು ಮಾಡಿತು. ಮೊದಲು ಕೇಳಿಸಿಕೊಂಡು ವರದಿ ಕೊಟ್ಟವರು ಬೇಕರಿಯವರು, ಅದೂ ಒಲೆಯ ಮುಂದೆ ನಿಂತುಕೊಂಡೇ. ಫೋನಿನಲ್ಲಿ ಹೇಳಿದ್ದನ್ನು ನೀನು ಸುದ್ದಿಯೆಂದು ಒಪ್ಪುವುದಿಲ್ಲ. ಹಾಗಾಗಿ ಹವ್ಯಾಸಿ ರೇಡಿಯೊದವರಿಗಾಗಿ ನೀನು ತರುವ ‘ಹ್ಯಾಮ್ ವಾರ್ತೆ’ಯ ಮೇ ಸಂಚಿಕೆಗೆ ಬರೆದೇ ಕಳಿಸುತ್ತಿದ್ದೇನೆ. ಹೊಸ ಓದುಗರಿಗಾಗಿ ಒಂದು ಸಾಲು ಸೇರಿಸಿಕೋ: ರಿಪೀಟರ್ ಎಂದರೆ ಕೈಯಲ್ಲಿ ಹಿಡಿಯುವ ಸಣ್ಣ ಸೆಟ್ಟಿನ ಮಾತನ್ನು ಎತ್ತರದ ಜಾಗದಲ್ಲಿ ಹಿಡಿದು, ಅದೇ ಕ್ಷಣ ಜೋರಾಗಿ ಮತ್ತೆ ಹೊರಗೆ ಬಿಡುವ ಪೆಟ್ಟಿಗೆ.

ಎಂಟು ಗಂಟೆಗೆ ರೇಡಿಯೊದಲ್ಲೇ ಹಾಜರಿ ಕರೆದೆ. ಬೇಕರಿಯವರು ಐದು-ಒಂಬತ್ತು. ದರ್ಜಿ ಐದು-ಒಂಬತ್ತು. ಗಣಿತದ ಮೇಷ್ಟ್ರು ಸ್ನಾನದ ಮನೆಯಿಂದಲೇ ಐದು-ಒಂಬತ್ತು. ಕಮರಿಯ ಆಚೆಗಿನ ಆಸ್ಪತ್ರೆಯಿಂದ ನನ್ನ ಮಗಳು, ಐದು-ಒಂಬತ್ತು. ಫ್ಯೂಸಣ್ಣ ಮಾತ್ರ ‘ಹಾಜರ್’ ಎಂದಷ್ಟೇ ಹೇಳಿ ಬಾಯಿ ಮುಚ್ಚಿಕೊಂಡರು. ವಿದ್ಯುತ್ ಇಲಾಖೆಯಲ್ಲಿ ಲೈನ್‌ಮನ್ ಆಗಿದ್ದವರು, ನಿನಗೆ ಗೊತ್ತಲ್ಲ; ಆಂಟೆನಾವನ್ನು ಟ್ಯಾಂಕಿನ ಊರ ಕಡೆಯ ಕಟಕಟೆಗೆ ಕಟ್ಟಿದ್ದು ಅವರಿಗೆ ಹಿಡಿಸಿಲ್ಲ. ಅವರಿಗೆ ಹಿಡಿಸುವುದು ಏನೂ ಇಲ್ಲ.

ತುರ್ತು ಸೇವೆಯ ಕಚೇರಿಯ ಅಧಿಕಾರಿ ಇವತ್ತು ನನ್ನ ಕನ್ನಡಕದ ಅಂಗಡಿಗೇ ಬಂದಿದ್ದರು. ಕನ್ನಡಕದ ಕಾಲು ಸಡಿಲ ಎಂಬುದು ನೆಪ. ತಿರುಪು ಬಿಗಿಮಾಡುತ್ತಾ ಎಲ್ಲ ಹೇಳಿದೆ.

“ಐದು-ಒಂಬತ್ತು ಅಂದ್ರೇನ್ರಿ?” ಅಂದರು.

“ಮೇಡಂ, ಮಾತು ಸ್ಪಷ್ಟವಾಗಿದ್ರೆ ಐದು. ಸದ್ದು ಜೋರಾಗಿದ್ರೆ ಒಂಬತ್ತು. ಅದಕ್ಕಿಂತ ಮೇಲೆ ಇಲ್ಲ.”

“ಹಾಗಾದ್ರೆ ಎಲ್ಲರೂ ಫಸ್ಟ್ ಕ್ಲಾಸು.”

“ಎಲ್ಲರೂ ಫಸ್ಟ್ ಕ್ಲಾಸು.”

ಅವರಿಗೆ ವಾರ್ತೆಯ ಒಂದು ಪ್ರತಿ ಬೇಕಂತೆ, ಕಡತಕ್ಕೆ. ‘ಇಡೀ ಕಣಿವೆಗೆ ರೇಡಿಯೊ ಕೊಂಡಿ’ ಎಂದು ಶೀರ್ಷಿಕೆ ಹಾಕು. ದೊಡ್ಡ ಅಕ್ಷರದಲ್ಲಿ. ವರ್ಷವಿಡೀ ಕಂಬ, ಕೇಬಲ್, ಪರವಾನಗಿ ಎಂದು ಅಲೆದವನಿಗೆ ಅಷ್ಟಾದರೂ ಸಿಗಲಿ.

ತಮ್ಮ


ಏಪ್ರಿಲ್ 13, ಸೋಮವಾರ

ತಮ್ಮ,

ರಿಪೀಟರ್ ಶುರುವಾದದ್ದಕ್ಕೆ ಸಂತೋಷ. ಮೊದಲ ಪುಟದಲ್ಲೇ ಹಾಕುತ್ತೇನೆ. ಪರವಾನಗಿ ಪರೀಕ್ಷೆಯ ದಿನಾಂಕಗಳ ಪಟ್ಟಿಯನ್ನು ಒಳಪುಟಕ್ಕೆ ತಳ್ಳಿದ್ದೇನೆ. ‘ಮಾರಾಟಕ್ಕಿದೆ’ ಅಂಕಣದಲ್ಲಿ ದರ್ಜಿಯ ಹಳೆ ಸೆಟ್ಟು ಮೂರನೆಯ ಸಲವೂ ಇದೆ. ಅದನ್ನು ಯಾರೂ ಕೊಳ್ಳುವುದಿಲ್ಲ ಎಂದು ಅವರಿಗೆ ನೀನೇ ಹೇಳು.

ಶೀರ್ಷಿಕೆ ‘ಟ್ಯಾಂಕಿನ ಮೇಲೆ ಹೊಸ ರಿಪೀಟರ್’ ಎಂದಿರುತ್ತದೆ. ‘ಇಡೀ ಕಣಿವೆ’ ಎಂದು ಹಾಕಲು ನನಗೆ ಇನ್ನಷ್ಟು ಬೇಕು. ಬೇಸರ ಮಾಡಿಕೊಳ್ಳದೆ ಉತ್ತರಿಸು: ಕಮರಿಯಾಚೆ ಕೇಳಿದವರು ಯಾವ ಜಾಗದಲ್ಲಿ ನಿಂತಿದ್ದರು? ಒಳಗೋ ಹೊರಗೋ? ಏನು ಕೇಳಿತು, ಅದನ್ನು ತಿರುಗಿ ಹೇಳಿಸಿದೆಯಾ? ವಾರದ ಬೇರೆ ದಿನ ಕರೆದಿದ್ದೀಯಾ?

ಎಲ್ಲರೂ ಐದು-ಒಂಬತ್ತು ಎಂದರೆ ನನಗೆ ಯಾಕೋ ಅನುಮಾನ. ನಮ್ಮ ಜನ ಹೇಗೆಂದು ಗೊತ್ತಿದೆ. ಹೋದ ತಿಂಗಳು ಒಬ್ಬ ಮಹಾಶಯರು ನನಗೆ, “ನಿಮ್ಮ ಸಿಗ್ನಲ್ ಐದು-ಒಂಬತ್ತು, ಅದ್ಭುತ! ಅಂದಹಾಗೆ ನೀವು ಯಾರು, ಎಲ್ಲಿಂದ ಅಂತ ಇನ್ನೆರಡು ಸಲ ಹೇಳ್ತೀರಾ?” ಎಂದರು.

ಪತ್ರಿಕೆಯ ಕಚೇರಿಯಲ್ಲಿ ಇಪ್ಪತ್ತು ವರ್ಷ ಬೇರೆಯವರ ಸುದ್ದಿ ತಿದ್ದಿದ ಕೈ ಇದು. ಕೆರೆಯುತ್ತದೆ.

ಅಕ್ಕ


ಏಪ್ರಿಲ್ 17, ಶುಕ್ರವಾರ

ಅಕ್ಕ,

ನಿನಗೆ ಯಾರು ಏನು ಊದಿದ್ದಾರೆ ಎಂದು ನನಗೆ ಗೊತ್ತು.

ನಿನ್ನ ಪತ್ರ ಓದಿದ ಮಧ್ಯಾಹ್ನವೇ ಫ್ಯೂಸಣ್ಣ ಅಂಗಡಿಗೆ ಬಂದರು. ಓದುವ ಕನ್ನಡಕ ಬದಲಿಸಬೇಕಂತೆ. ಕುರ್ಚಿಯಲ್ಲಿ ಕೂರಿಸಿ, ಗೋಡೆಯ ಅಕ್ಷರದ ಹಲಗೆ ತೋರಿಸಿ, ಕೊನೆಯ ಸಾಲು ಓದಿ ಅಂದೆ. ನೀರು ಕುಡಿದ ಹಾಗೆ ಓದಿದರು.

“ಕಾಣ್ಸುತ್ತಾ, ಬಾಯಿಪಾಠಾನಾ?” ಅಂದೆ.

“ಬಾಯಿಪಾಠ. ನಿನ್ನ ಹಲಗೆ ಎಂಟು ವರ್ಷದಿಂದ ಅದೇ ಅಲ್ವೇನಪ್ಪ.”

“ಹಾಗೇ ನಮ್ಮಕ್ಕನಿಗೂ ಒಂದು ಕಾಗದ ಬರೆದ್ರಾ?”

“ನಿಮ್ಮಕ್ಕನಿಗೆ ನಾನ್ಯಾಕೆ ಬರೀಲಿ? ನಂಗೆ ಹೇಳೋದಿದ್ರೆ ನಿನ್ನ ಮುಖಕ್ಕೇ ಹೇಳ್ತೀನಿ. ಹೇಳೂ ಆಗಿದೆ. ಒಂದು ಟ್ಯಾಂಕು ಕಾಂಕ್ರೀಟು, ಒಳಗೆ ತುಂಬ ನೀರು, ಅದರ ಈಚೆ ನಿನ್ನ ಆಂಟೆನಾ, ಆಚೆ ಆಸ್ಪತ್ರೆ. ಮಾತು ಏನು ಈಜಿಕೊಂಡು ಹೋಗುತ್ತಾ?”

“ಹೋಗ್ತಿದೆಯಲ್ಲ! ನನ್ನ ಮಗಳು ಕೇಳ್ತಿದಾಳಲ್ಲ!”

“ಭಾನುವಾರ ಬೆಳಿಗ್ಗೆ ಊರವರೆಲ್ಲ ಬಟ್ಟೆ ಒಗೆದು ಟ್ಯಾಂಕು ಖಾಲಿ ಮಾಡಿರ್ತಾರೆ, ಅದಕ್ಕೆ.” ಹೀಗೆ ಹೇಳಿ ನಕ್ಕರು. ನಾನು ನಗಲಿಲ್ಲ. ಗಿರಾಕಿಗಳ ಮುಂದೆಯೇ ನಾಲ್ಕು ಮಾತು ಆಡಿದೆ. ಅವರು ಹಳೆ ಕನ್ನಡಕವನ್ನೇ ಹಾಕಿಕೊಂಡು ಎದ್ದು ಹೋದರು.

ಆಚೆ ಬದಿಯ ಏಣಿ ತುಕ್ಕು ಹಿಡಿದಿದೆ, ಕಾಲಿಟ್ಟರೆ ಮೆಟ್ಟಿಲು ಕೈಗೆ ಬರುತ್ತದೆ. ಈಚೆ ಬದಿಯಲ್ಲಿ ಕಟ್ಟದೆ ಇನ್ನೆಲ್ಲಿ ಕಟ್ಟಲಿ?

ನಿನ್ನ ಪ್ರಶ್ನೆಗೆ ಉತ್ತರ: ಕಮರಿಯಾಚೆ ಕೇಳಿದವಳು ನನ್ನ ಮಗಳು. ಅವಳು ನರ್ಸು, ಸುಳ್ಳು ಹೇಳುವವಳಲ್ಲ. ನಿನ್ನ ಪತ್ರಿಕೆಗೆ ಅಷ್ಟು ಸಾಲದಿದ್ದರೆ ಬಿಡು. ನನಗೂ ಶೀರ್ಷಿಕೆಯ ಹಂಬಲವಿಲ್ಲ. ಕಚೇರಿಯ ಕಡತಕ್ಕೆ ಅಚ್ಚಾದದ್ದೊಂದು ಬೇಕು, ಅದಕ್ಕಾಗಿ ಕೇಳಿದೆ, ಅಷ್ಟೆ.

ತಮ್ಮ


ಏಪ್ರಿಲ್ 22, ಬುಧವಾರ

ತಮ್ಮ,

ಫ್ಯೂಸಣ್ಣ ನನಗೆ ಬರೆದಿಲ್ಲ. ಅವರ ಹತ್ತಿರ ಹೋಗಿ ಕ್ಷಮೆ ಕೇಳು. ಯಾರು ಹೇಳಿದರು ಎಂಬುದನ್ನು ನಾನು ಹೇಳುವುದಿಲ್ಲ. ಹೇಳಿದವರ ಹೆಸರು ಬಿಟ್ಟುಕೊಡುವ ಅಭ್ಯಾಸ ನನಗಿಲ್ಲ, ತಮ್ಮನಿಗಾದರೂ ಅಷ್ಟೆ. ಅಷ್ಟಕ್ಕೂ ಒಬ್ಬರು ಹೇಳಿದ್ದನ್ನು ನಂಬಿಕೊಂಡು ನಾನೂ ಬರೆಯುವುದಿಲ್ಲ. ಅದಕ್ಕೇ ಪರೀಕ್ಷೆ ಮಾಡು ಎನ್ನುತ್ತಿದ್ದೇನೆ.

ನಿನ್ನ ಅಂಗಡಿಯ ಹಲಗೆಯ ಕಥೆ ನೀನೇ ಬರೆದಿದ್ದೀಯ. ಬಾಯಿಪಾಠ ಮಾಡಿಕೊಂಡವರಿಗೆ ನೀನು ಏನು ಮಾಡುತ್ತೀ? ಹಲಗೆ ಬದಲಿಸುತ್ತೀ. ಇಲ್ಲಿಯೂ ಅದೇ ಮಾಡು. ಕಮರಿಯಾಚೆ ನೀನೇ ಹೋಗು. ಊರಿನಿಂದ ಬೇಕರಿಯವರು ಓದಲಿ. ಪತ್ರಿಕೆ ಓದುವುದು ಬೇಡ, ಅದು ಆಕಾಶವಾಣಿಯ ಹಾಗೆ ಪ್ರಸಾರ ಮಾಡಿದಂತಾಗುತ್ತದೆ, ಹವ್ಯಾಸಿಗಳಿಗೆ ನಿಯಮ ಅದನ್ನು ಒಪ್ಪುವುದಿಲ್ಲ. ‘ಇದು ಅಭ್ಯಾಸ’ ಎಂದು ಮೊದಲೇ ಹೇಳಿ, ಆಸ್ಪತ್ರೆಗೆ ನಿಜವಾಗಿ ಬೇಕಾಗುವ ಸಂದೇಶಗಳನ್ನು ಓದಲಿ. ಬರೆದುಕೊಳ್ಳುವವರು ನಮ್ಮ ಹವ್ಯಾಸದವರಾಗಬಾರದು. ನಮ್ಮವರಿಗೆ ಅರ್ಧ ಕೇಳಿದರೂ ಉಳಿದರ್ಧವನ್ನು ತುಂಬಿಕೊಳ್ಳುವ ಚಾಳಿ. ಕೇಳದಿದ್ದ ಕಡೆ ಗೆರೆ ಎಳೆಯಲು ಹೇಳು. ಅಷ್ಟೇ ಕೆಲಸ.

ಮೇ ಸಂಚಿಕೆ 7ಕ್ಕೆ ಅಚ್ಚಿಗೆ ಹೋಗುತ್ತದೆ. ಇಷ್ಟು ಅವಸರ ಏಕೆ ಎಂದು ಕೇಳಬೇಡ. ಅವಸರವೇನೂ ಇಲ್ಲ, ಈ ತಿಂಗಳು ಆಗದಿದ್ದರೆ ಜೂನ್‌ಗೆ ಹಾಕೋಣ.

ಅಕ್ಕ


ಮೇ 2, ಶನಿವಾರ

ತಮ್ಮ,

ಹತ್ತು ದಿನವಾದರೂ ಉತ್ತರವಿಲ್ಲ. ಕಳೆದ ಭಾನುವಾರದ ಹಾಜರಿಯನ್ನೂ ನೀನು ಕರೆಯಲಿಲ್ಲವಂತೆ, ಮೇಷ್ಟ್ರು ಕರೆದರಂತೆ. ನೀನು ಮುನಿಸಿಕೊಂಡರೆ ಹೀಗೇ ಎಂದು ನನಗೆ ಗೊತ್ತು. ಚಿಕ್ಕವನಿದ್ದಾಗ ಮಂಚದ ಕೆಳಗೆ ಹೋಗಿ ಕೂರುತ್ತಿದ್ದೆ. ಈಗ ಮಂಚದ ಕೆಳಗೆ ಹೋಗುವ ಗಾತ್ರ ಇಲ್ಲದ್ದರಿಂದ ಪತ್ರ ನಿಲ್ಲಿಸಿದ್ದೀಯ.

ನಿನ್ನ ಕೆಲಸವನ್ನು ಕೀಳುಮಾಡುವ ಉದ್ದೇಶ ನನಗಿಲ್ಲ. ಆ ಕಂಬವನ್ನು ನೀನು ಎತ್ತಿದ್ದನ್ನು ನಾನು ಚಿತ್ರದಲ್ಲಿ ನೋಡಿದ್ದೇನೆ. ಆದರೆ ನೀನು ಕೇಳಿದ ಶೀರ್ಷಿಕೆಯನ್ನು ಕೊಡಲಾರೆ. ಕೋಪವಿದ್ದರೆ ಕೋಪದಲ್ಲೇ ನಾಲ್ಕು ಸಾಲು ಬರೆ.

ಅಕ್ಕ


ಮೇ 3, ಭಾನುವಾರ

ಅಕ್ಕ,

ಆಸ್ಪತ್ರೆಯೊಳಗೆ ರಿಪೀಟರ್ ಕೇಳಿಸುವುದಿಲ್ಲ. ಇದನ್ನು ವರದಿ ಮಾಡಿದವರು ಆಂಬುಲೆನ್ಸಿನ ಡ್ರೈವರ್ ಮತ್ತು ಅಡುಗೆಯಮ್ಮ. ಇಬ್ಬರ ಕಾಗದಗಳನ್ನೂ ಇದರ ಜೊತೆ ಇಟ್ಟಿದ್ದೇನೆ. ಗೆರೆಗಳೇ ಹೆಚ್ಚು.

ನಿನ್ನ 22ರ ಪತ್ರ ಬಂದ ಮೇಲೆ ಎರಡು ರಾತ್ರಿ ಅದನ್ನು ಬೈದುಕೊಂಡೆ. ಆಮೇಲೆ ಅಂಗಡಿಗೆ ಬೀಗ ಹಾಕಿ ಹೊರಟೆ. ಕಮರಿಯ ದಾರಿ ದುರಸ್ತಿಯಲ್ಲಿದೆ, ಬಸ್ಸು ಅರ್ಧಕ್ಕೇ ನಿಲ್ಲುತ್ತದೆ. ಉಳಿದದ್ದನ್ನು ಹಾಲಿನ ವ್ಯಾನಿನಲ್ಲಿ ಕ್ಯಾನುಗಳ ನಡುವೆ ಕೂತು ಹೋದೆ. ಅಲ್ಲಿ ವಾರವಿಡೀ ಇದ್ದೆ. ಒಂದು ದಿನದ ಪರೀಕ್ಷೆ ನಿನಗೆ ಸಾಲುವುದಿಲ್ಲ ಎಂದು ಗೊತ್ತಿತ್ತು.

ಔಷಧಿ ಕೋಣೆ, ಹೆರಿಗೆ ಕೋಣೆ, ಗಂಡಸರ ವಾರ್ಡು, ವರಾಂಡ, ಎಲ್ಲ ಕಡೆ ಸೆಟ್ಟು ಇಟ್ಟೆವು. ಬೇಕರಿಯವರು ಬೆಳಿಗ್ಗೆ ಸಂಜೆ ಓದಿದರು. ಡ್ರೈವರ್ ಮೊದಲು ಒಪ್ಪಿರಲಿಲ್ಲ. “ನಂಗೆ ಬರೆಯೋಕೆ ಹೇಳಿದ್ರೆ ಪರೀಕ್ಷೆ ನಂಗಾ, ರೇಡಿಯೋಗಾ?” ಎಂದು ಕೇಳಿದ. ರೇಡಿಯೊಗೆ ಅಂದೆ. “ಹಾಗಾದ್ರೆ ಅದು ಫೇಲಾದ್ರೆ ನನ್ನ ಬೈಯಂಗಿಲ್ಲ” ಅಂದ. ಎರಡನೆಯ ದಿನ ಬೇಕರಿಯವರು ಓದಿದ್ದು ಇದು: ‘ರಕ್ತ ಕಳಿಸುತ್ತಿದ್ದೇವೆ, ದೋಣಿಯಲ್ಲಿ ಬರುತ್ತದೆ’, ಜೊತೆಗೆ ರಕ್ತದ ಗುಂಪು, ಬಾಟಲಿಯ ಲೆಕ್ಕ, ದೋಣಿ ನಿಲ್ಲುವ ಜಾಗ. ಡ್ರೈವರನ ಕಾಗದದಲ್ಲಿ ‘ರಕ್ತ’ ಇದೆ, ‘ದೋಣಿ’ ಇದೆ. ಗುಂಪಿನ ಜಾಗದಲ್ಲಿ ಗೆರೆ. ಅಡುಗೆಯಮ್ಮನ ಕಾಗದದಲ್ಲೂ ಅದೇ ಜಾಗದಲ್ಲಿ ಗೆರೆ. ಅವರಿಬ್ಬರೂ ಬೇರೆ ಬೇರೆ ಕೋಣೆಯಲ್ಲಿದ್ದರು.

ಮಗಳು ಈ ಹೊತ್ತಿನಲ್ಲೆಲ್ಲ ರೋಗಿಗಳನ್ನು ನೋಡುತ್ತಿದ್ದಳು. ಸಂಜೆ ಅವಳನ್ನು ಕೇಳಿದೆ, “ಭಾನುವಾರ ನೀನು ಎಲ್ಲಿಂದ ಮಾತಾಡ್ತಿದ್ದೆ?”

ಹಿತ್ತಲ ಬಾಗಿಲು ತೆಗೆದು ಕರೆದುಕೊಂಡು ಹೋದಳು. ಆಸ್ಪತ್ರೆಯ ಹಿಂದೆ ಒಂದು ದಿಬ್ಬ. ಅದರ ತಲೆಯ ಮೇಲೆ ಒಂದು ಚಪ್ಪಟೆ ಕಲ್ಲು. ಅದರ ಮೇಲೆ ನಿಂತು, ಸೆಟ್ಟನ್ನು ತಲೆಗಿಂತ ಮೇಲೆತ್ತಿ ಹಿಡಿದು ತೋರಿಸಿದಳು.

“ಇಲ್ಲಿಂದಾನಾ?”

“ಹೂಂ. ಇಲ್ಲಿ ಮಾತ್ರ ಬರುತ್ತೆ.”

“ಮತ್ತೆ ಐದು-ಒಂಬತ್ತು ಅಂದ್ಯಲ್ಲ?”

“ಇನ್ನೇನನ್ನಲಿ ಅಪ್ಪ? ಎಲ್ಲರೂ ಅದನ್ನೇ ಹೇಳ್ತಾರೆ. ನೀನೇ ಹೇಳ್ಕೊಟ್ಟಿದ್ದು, ಮೊದಲನೇ ದಿನಾನೇ. ಎದುರಿನವರು ಕಷ್ಟಪಟ್ಟು ಆಂಟೆನಾ ಕಟ್ಟಿರ್ತಾರೆ, ಐದು-ಒಂಬತ್ತು ಕೊಟ್ಟುಬಿಡು, ನಿನ್ನ ಗಂಟೇನು ಹೋಗುತ್ತೆ ಅಂತ.”

ಹೇಳಿಕೊಟ್ಟಿದ್ದು ನಿಜ. ಅಕ್ಕ, ನಾವು ಯಾರಿಗಾದರೂ ಬೇರೆ ಪಾಠ ಹೇಳಿಕೊಟ್ಟಿದ್ದೇವೆಯೇ?

ಇನ್ನು ನಾನು ನಿನಗೆ ಹೇಳದೆ ಇದ್ದ ವಿಷಯ. ಏಪ್ರಿಲ್ 6ರಂದು ಅಧಿಕಾರಿ ಅಂಗಡಿಗೆ ಬಂದದ್ದು ತಿರುಪಿಗೂ ಅಲ್ಲ, ವಾರ್ತೆಯ ಪ್ರತಿಗೂ ಅಲ್ಲ. ಮಗಳ ಆಸ್ಪತ್ರೆಯಲ್ಲಿ ಇಲಾಖೆಯ ಹಳೆ ವೈರ್‌ಲೆಸ್ ಸೆಟ್ಟು ಒಂದಿದೆ. ನೆರೆ ಬಂದು ಸೇತುವೆಯೂ ಫೋನ್ ತಂತಿಯೂ ಹೋದಾಗ ಅವರಿಗೆ ಉಳಿಯುವುದು ಅದೊಂದೇ. ಇನ್ನೂ ಮೇಲೆ, ನದಿ ಕವಲೊಡೆಯುವಲ್ಲಿ, ಇನ್ನೊಂದು ಸಣ್ಣ ಆಸ್ಪತ್ರೆಯಿದೆ. ಅಲ್ಲಿ ಏನೂ ಇಲ್ಲ. ‘ನಿಮ್ಮ ರಿಪೀಟರ್ ನಿಮ್ಮ ಮಗಳ ಆಸ್ಪತ್ರೆಯಲ್ಲಿ ಚೆನ್ನಾಗಿ ಕೇಳಿಸುವುದಾದರೆ ಅಲ್ಲಿನ ಸೆಟ್ಟನ್ನು ತೆಗೆದು ಕವಲಿನ ಆಸ್ಪತ್ರೆಗೆ ಕೊಡುತ್ತೇವೆ, ಒಪ್ಪಿಗೆ ಬರೆದುಕೊಡಿ’ ಎಂದರು. ಎರಡು ಆಸ್ಪತ್ರೆಗೂ ಅನುಕೂಲವಾಗುತ್ತದೆ ಎಂದು ಅಲ್ಲೇ ಸಹಿ ಹಾಕಿದೆ. ಹಾಜರಿ ಕರೆದು ಒಂದು ದಿನವಾಗಿತ್ತು, ಅಷ್ಟೆ. ಸೆಟ್ಟು ತೆಗೆಯುವ ದಿನ ಮೇ 20. ‘ಅವಸರವೇನೂ ಇಲ್ಲ’ ಎಂದು ನೀನು ಬರೆದಿದ್ದೆ.

ಇದನ್ನು ದಿಬ್ಬದ ಮೇಲೇ ಮಗಳಿಗೂ ಹೇಳಿದೆ. ಅವಳಿಗೆ ಯಾರೂ ತಿಳಿಸಿರಲಿಲ್ಲ.

“ಆ ಸೆಟ್ಟು ತೆಗೀತಾರಾ? ಅಪ್ಪ, ಹೋದ ಮಳೆಗಾಲದಲ್ಲಿ ಆ ಸೆಟ್ಟಲ್ಲಿ ಡಾಕ್ಟರನ್ನ ಕೇಳ್ಕೊಂಡೇ ನಾನು ಒಂದು ಹೆರಿಗೆ ಮಾಡಿಸಿದ್ದು. ಮಗು ಅಡ್ಡ ತಿರುಗಿತ್ತು. ಹೇಗೆ ಕೈ ಹಾಕ್ಬೇಕು, ಎಷ್ಟು ಹೊತ್ತು ಕಾಯ್ಬೇಕು, ಒಂದೊಂದೂ ಅವರು ಹೇಳಿದ್ರು, ನಾನು ಮಾಡಿದೆ. ಆವತ್ತು ಮಧ್ಯೆ ಒಂದು ಮಾತು ಕೇಳದೆ ಹೋಗಿದ್ರೆ?”

ಆ ಮೇಲೆ ಅವಳು, ನಿನಗೆ ಬರೆದದ್ದು ತಾನೇ ಎಂದೂ ಹೇಳಿದಳು. ನೀನು ಬಾಯಿ ಬಿಡದೆ ಇದ್ದದ್ದಕ್ಕೆ ಮೊದಲು ಸಿಟ್ಟು ಬಂತು. ಈಗ ಇಲ್ಲ.

ಫೋನ್ ಮಾಡಬಹುದಿತ್ತು. ಅಚ್ಚಾಗುವುದು ಬರೆದದ್ದು, ಅದಕ್ಕೆ ಬರೆದಿದ್ದೇನೆ. ಎಲ್ಲವನ್ನೂ ಹಾಕು: ಕೋಣೆಕೋಣೆಯ ಫಲಿತಾಂಶ, ಗೆರೆಗಳು, ಟ್ಯಾಂಕಿನ ಯಾವ ಬದಿಗೆ ಆಂಟೆನಾ ಕಟ್ಟಿದ್ದೇನೆ ಎಂಬುದು, ಕಟ್ಟಿದವನು ಯಾರು ಎಂಬುದು, ಪರೀಕ್ಷೆಗೆ ಮೊದಲೇ ಸಹಿ ಹಾಕಿದವನು ಯಾರು ಎಂಬುದು. ನಮ್ಮ ರೇಡಿಯೊ ಸಂಘದವರು ನನ್ನನ್ನು ಹರಿದು ಹಾಕುತ್ತಾರೆ. ಹಾಕಲಿ. 20ನೇ ತಾರೀಖಿನೊಳಗೆ ಅಧಿಕಾರಿಯ ಮೇಜಿನ ಮೇಲೆ ಅದು ಬೀಳಬೇಕು.

ತಮ್ಮ


ಮೇ 6, ಬುಧವಾರ

ತಮ್ಮ,

ನಿನ್ನ ವರದಿ ಮೊದಲ ಪುಟದಲ್ಲಿ ಹೋಗುತ್ತಿದೆ. ಶೀರ್ಷಿಕೆ: ‘ಆಸ್ಪತ್ರೆಯಲ್ಲಿ ರಿಪೀಟರ್ ಕೇಳುತ್ತಿಲ್ಲ’. ಡ್ರೈವರನ ಕಾಗದವನ್ನು ಗೆರೆಗಳ ಸಮೇತ ಹಾಗೆಯೇ ಅಚ್ಚು ಮಾಡಿಸುತ್ತಿದ್ದೇನೆ. ಅಚ್ಚಿನ ಮನೆಯವನು “ಮೇಡಂ, ಇದರಲ್ಲಿ ಅರ್ಧ ಮಾತೇ ಇಲ್ಲ, ತಪ್ಪಾಗಿ ಕೊಟ್ರಾ?” ಎಂದು ಕೇಳಿದ. ಸರಿಯಾಗಿಯೇ ಕೊಟ್ಟಿದ್ದೇನೆ ಎಂದೆ.

ಒಂದು ಪ್ರತಿಯನ್ನು ಅಧಿಕಾರಿಗೆ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸುತ್ತೇನೆ. ನೀನು ಅದಕ್ಕೂ ಕಾಯಬೇಡ. ಈ ಪತ್ರ ಸಿಕ್ಕ ದಿನವೇ ಕಚೇರಿಗೆ ಹೋಗಿ ಒಪ್ಪಿಗೆ ವಾಪಸ್ ಪಡೆ.

ನಿನ್ನ ಮೌನವನ್ನು ಮುನಿಸು ಎಂದುಕೊಂಡೆ. ಮೇ 20ರ ವಿಷಯ ಗೊತ್ತಿದ್ದರೆ ಫೋನಿನಲ್ಲೇ ನಿನ್ನನ್ನು ಎಬ್ಬಿಸುತ್ತಿದ್ದೆ. ಮಗಳು ಬರೆದದ್ದು ಒಂದೇ ಮಾತು: ‘ಅತ್ತೆ, ನನಗೆ ಒಳಗೆ ಏನೂ ಕೇಳಿಸುವುದಿಲ್ಲ, ಅಪ್ಪ ಮೂರು ಸಲ ಕಂಬ ಹತ್ತಿಳಿದಿದ್ದಾರೆ, ನಾನು ಹೇಗೆ ಹೇಳಲಿ?’ ನಾನು ಹೇಳುವುದಿಲ್ಲ ಎಂದು ಅವಳಿಗೆ ಮಾತು ಕೊಟ್ಟಿದ್ದೆ. ಆ ಮಾತು ಉಳಿಸಿಕೊಂಡದ್ದು ಸರಿಯೋ ಎಂದು ಈಗ ನನಗೇ ಖಾತ್ರಿಯಿಲ್ಲ. ಸೆಟ್ಟು ಹೋಗುವ ಸಂಗತಿ ನಿನಗೆ ಮಾತ್ರ ಗೊತ್ತಿತ್ತು, ಕೇಳಿಸದ ಸಂಗತಿ ಅವಳಿಗೂ ನನಗೂ ಮಾತ್ರ. ಒಂದೇ ಮನೆಯ ಮೂವರು.

ಇನ್ನು ಮುಂದೆ ವಾರ್ತೆಯಲ್ಲಿ ಬರಿಯ ‘ಐದು-ಒಂಬತ್ತು’ ಎಂಬ ವರದಿಯನ್ನು ಹಾಕುವುದಿಲ್ಲ ಎಂದು ಒಂದು ಪ್ರಕಟಣೆಯನ್ನೂ ಸೇರಿಸಿದ್ದೇನೆ. ಎಲ್ಲಿ ನಿಂತು ಕೇಳಿದಿರಿ, ಏನು ಕೇಳಿತು, ಏನು ಕೇಳಲಿಲ್ಲ, ಅದನ್ನು ಬರೆಯಿರಿ. ಚಂದಾ ನಿಲ್ಲಿಸುವವರು ನಿಲ್ಲಿಸಲಿ.

ಆಂಟೆನಾವನ್ನು ಏನು ಮಾಡುತ್ತೀ?

ಅಕ್ಕ


ಮೇ 14, ಗುರುವಾರ

ಅಕ್ಕ,

ಹಳೆ ಸೆಟ್ಟು 20ರಂದು ಹೋಗುವುದಿಲ್ಲ. ಇದನ್ನು ಹೇಳಿದವರು ಅಧಿಕಾರಿಯೇ, ನಿನ್ನ ಪತ್ರ ಹಿಡಿದುಕೊಂಡು ಹೋಗಿ ನಿಂತಾಗ.

“ಮೊದಲು ಪರೀಕ್ಷೆ, ಆಮೇಲೆ ಸಹಿ. ಹೀಗಲ್ವೇನ್ರಿ ಇರೋದು?” ಅಂದರು.

“ಹೌದು ಮೇಡಂ.”

“ಕೊಟ್ಟ ಒಪ್ಪಿಗೆ ವಾಪಸ್ ತಗೊಳ್ಳೋದಕ್ಕೆ ನಮ್ಮಲ್ಲಿ ಫಾರಮ್ಮೇ ಇಲ್ಲ. ಇದುವರೆಗೆ ಯಾರೂ ಕೇಳಿಲ್ಲ.”

“ಬಿಳಿ ಹಾಳೇಲಿ ಬರೆದುಕೊಡ್ತೀನಿ.”

ಬರೆದುಕೊಟ್ಟೆ. ಅವರು ನಯವಾಗಿ ಮಾತಾಡಲಿಲ್ಲ, ಮಾತಾಡುವ ಕಾರಣವೂ ಇಲ್ಲ. ನದಿ ಕವಲಿನ ಆಸ್ಪತ್ರೆಗೆ ಈಗ ಏನು ಉತ್ತರ ಕೊಡಲಿ ಎಂದು ಕೇಳಿದರು. ಅಲ್ಲಿಯವರು ಸೆಟ್ಟು ಬರುತ್ತದೆಂದು ಗೋಡೆಗೆ ಮೊಳೆ ಕೂಡ ಹೊಡೆದಿದ್ದಾರಂತೆ. ಆಂಟೆನಾವನ್ನು ಟ್ಯಾಂಕಿನ ಆಚೆ ಬದಿಗೆ ಸಾಗಿಸುತ್ತೇವೆ, ಮತ್ತೆ ಪರೀಕ್ಷೆ ಮಾಡುತ್ತೇವೆ, ಈ ಸಲ ನಿಮ್ಮವರೇ ಒಬ್ಬರು ಕೂತು ನೋಡಲಿ ಅಂದೆ. ಮಳೆಗಾಲ ಶುರುವಾಗುವ ಮೊದಲು ಒಂದೇ ಒಂದು ಸಲ ಎಂದರು.

ಭಾನುವಾರ ಸಂಘದ ಸಭೆ ಬೇಕರಿಯ ಹಿಂದಿನ ಕೋಣೆಯಲ್ಲಿ ಸೇರಿತ್ತು. ಹಿಟ್ಟಿನ ಮೂಟೆಗಳ ಮೇಲೆ ಕೂತು ಎಲ್ಲರೂ ನನ್ನನ್ನು ತರಾಟೆಗೆ ತೆಗೆದುಕೊಂಡರು. ನಿನ್ನ ವಾರ್ತೆ ಕೈಯಿಂದ ಕೈಗೆ ಹೋಗಿ ಬೆಣ್ಣೆಯ ಕಲೆಯಾಯಿತು. “ನಮ್ಮ ಮಾನ ನಾವೇ ಅಚ್ಚುಹಾಕಿ ಹಂಚಿದ ಹಾಗಾಯ್ತು” ಎಂದರು ಮೇಷ್ಟ್ರು. ಬೇಕರಿಯವರಿಗೆ ಬೇರೆಯೇ ಸಂಕಟ.

“ನಾನು ಇದುವರೆಗೆ ಯಾರಿಗೂ ಐದು-ಒಂಬತ್ತಕ್ಕಿಂತ ಕಮ್ಮಿ ಕೊಟ್ಟಿಲ್ಲ. ಗಿರಾಕಿ ಎದುರಿಗೆ ಬ್ರೆಡ್ಡು ಹಳಸಿದೆ ಅಂತ ಯಾರಾದ್ರೂ ಹೇಳ್ತಾರಾ?”

ಮೂಲೆಯಿಂದ ಫ್ಯೂಸಣ್ಣ, “ನೀನು ಹೇಳದಿದ್ರೆ ಹೊಟ್ಟೆ ಹೇಳುತ್ತೆ” ಅಂದರು.

ಆ ಕ್ಷಣದಲ್ಲಿ ಎಲ್ಲರೆದುರು ಅವರ ಕ್ಷಮೆ ಕೇಳಿದೆ. “ಕ್ಷಮೆ ಇಟ್ಕೋ, ಕನ್ನಡಕ ಕೊಡು. ಮತ್ತೆ ಆ ಹಲಗೆ ಬದಲಿಸು” ಅಂದರು. ತುಂಬಿದ ಟ್ಯಾಂಕಿಗೂ ಖಾಲಿ ಟ್ಯಾಂಕಿಗೂ ವ್ಯತ್ಯಾಸವಿದೆ ಎಂಬ ಮಾತು ನಿಜವೋ ತಮಾಷೆಯೋ ಎಂದು ಕೇಳಿದೆ. ಅಳೆದಿಲ್ಲ, ಹಾಗಾಗಿ ಹೇಳುವುದಿಲ್ಲ ಎಂದರು. ನಿನಗೆ ಇಷ್ಟವಾಗುವ ಮನುಷ್ಯ.

ಏಣಿಗೆ ಬೆಸುಗೆ ಹಾಕಲು ನೀರು ಸರಬರಾಜಿನವರು ಅನುಮತಿ ಕೊಟ್ಟಿದ್ದಾರೆ. ನಾಳೆ ಬೆಸುಗೆಯವನು ಬರುತ್ತಾನೆ. ಶನಿವಾರ ನಾನು ಹತ್ತುತ್ತೇನೆ, ಫ್ಯೂಸಣ್ಣ ಕೆಳಗೆ ಹಗ್ಗ ಹಿಡಿಯುತ್ತಾರೆ. ನನ್ನಾಕೆಗೆ ಇಷ್ಟವಿಲ್ಲ. “ಹತ್ತೋದಾದ್ರೆ ಹತ್ತಿ. ಆದ್ರೆ ಆ ಸವೆದ ಚಪ್ಪಲಿ ಹಾಕ್ಕೊಂಡು ಏಣಿ ಮುಟ್ಟಿದ್ರೆ ಏಣೀನೇ ಕೆಳಗಿಂದ ಎಳೆದುಬಿಡ್ತೀನಿ” ಎಂದು ಹೊಸ ಬೂಟು ತಂದಿಟ್ಟಿದ್ದಾಳೆ.

ತಮ್ಮ


ಮೇ 18, ಸೋಮವಾರ

ತಮ್ಮ,

ಇಬ್ಬರು ಚಂದಾ ನಿಲ್ಲಿಸಿದ್ದಾರೆ. ಒಬ್ಬರು, ಸೌಜನ್ಯ ಎಂಬುದನ್ನು ನಾನು ಕೊಂದೆ ಎಂದು ಎರಡು ಪುಟ ಬರೆದಿದ್ದಾರೆ. ಜೂನ್ ಸಂಚಿಕೆಯಲ್ಲಿ ಪೂರ್ತಿ ಹಾಕುತ್ತೇನೆ. ಇನ್ನೂ ಕೆಲವರು ತಮ್ಮ ಊರಿನ ರಿಪೀಟರನ್ನೂ ಹೀಗೆಯೇ ಪರೀಕ್ಷೆ ಮಾಡಬೇಕೆಂದು ವಿಧಾನ ಕೇಳಿದ್ದಾರೆ. ಅದನ್ನು ಅರ್ಧ ಪುಟಕ್ಕೆ ಬರೆದುಕೊಡು. ನೀನು ಏನು ಮಾಡಿದೆ ಅದನ್ನು ಮಾತ್ರ ಬರೆ, ಉಪದೇಶ ಬೇಡ.

ಶನಿವಾರ ನೀನು ಏಣಿ ಹತ್ತುವ ಹೊತ್ತಿನಲ್ಲಿ ನಾನು ಪ್ರೂಫ್ ನೋಡುತ್ತಿದ್ದೆ. ಒಂದೇ ಸಾಲನ್ನು ನಾಲ್ಕು ಸಲ ಓದಿದೆ. ಇಳಿದ ಮೇಲೆ ಫೋನ್ ಮಾಡಬಾರದೇ? ಸುದ್ದಿಯನ್ನು ಬರೆದು ಕೊಡು ಎಂದದ್ದು ನಿಜ. ನೀನು ಬದುಕಿದ್ದೀಯ ಎಂಬುದನ್ನು ಫೋನಿನಲ್ಲಿ ಹೇಳಿದರೂ ಒಪ್ಪುತ್ತೇನೆ.

ಪರೀಕ್ಷೆಯಲ್ಲಿ ಗೆರೆ ಬಂದರೆ ಏನು ಮಾಡುವುದೆಂದು ಮೊದಲೇ ತೀರ್ಮಾನಿಸಿ ಬರೆದಿಡಿ. ಇಲ್ಲದಿದ್ದರೆ ಆಮೇಲೆ ‘ಇದೊಂದು ಗೆರೆ ಬಿಡಿ’ ಎನ್ನುವ ಮನಸ್ಸಾಗುತ್ತದೆ.

ಅಕ್ಕ


ಮೇ 20, ಬುಧವಾರ

ಅಕ್ಕ,

ಆಂಟೆನಾ ಈಗ ಟ್ಯಾಂಕಿನ ಆಚೆ ಬದಿಗಿದೆ, ಕಮರಿಗೆ ಮುಖಮಾಡಿ. ಶನಿವಾರ ಮಧ್ಯಾಹ್ನದ ಹೊತ್ತಿಗೆ ಕೊನೆಯ ಬೋಲ್ಟು ಬಿಗಿಯಾಯಿತು ಎಂದು ಕೆಳಗಿನಿಂದ ಘೋಷಿಸಿದವರು ಫ್ಯೂಸಣ್ಣ. ಫೋನ್ ಮಾಡದಿದ್ದದ್ದು ತಪ್ಪಾಯಿತು. ಇಳಿದವನೇ ಟ್ಯಾಂಕಿನ ಬುಡದಲ್ಲಿ ಕೂತುಬಿಟ್ಟೆ. ಅಲ್ಲಿಂದಲೇ ಆಸ್ಪತ್ರೆಯನ್ನು ಕರೆದೆ.

ಮಗಳು ಉತ್ತರಿಸಿದಳು. ದಿಬ್ಬದಿಂದಲ್ಲ, ಔಷಧಿ ಕೋಣೆಯಿಂದ.

“ಅಪ್ಪ, ನಾಲ್ಕು-ಆರು. ಇಲ್ಲಿ ಮಾತು ಗೊತ್ತಾಗುತ್ತೆ. ಹೆರಿಗೆ ಕೋಣೇಲಿ ಕಿಟಕಿ ಹತ್ರ ಮಾತ್ರ ಬರುತ್ತೆ, ಮಂಚದ ಹತ್ರ ಕರಕರ. ಗಂಡಸರ ವಾರ್ಡಲ್ಲಿ ಕೇಳ್ಸಲ್ಲ. ಬರ್ಕೊಂಡ್ಯಾ?”

“ಬರ್ಕೊಂಡೆ.”

“ಪೂರ್ತಿ ತಿರುಗಿ ಹೇಳು.”

ತಿರುಗಿ ಹೇಳಿದೆ. ಅಕ್ಕ, ಇಷ್ಟು ವರ್ಷದಲ್ಲಿ ಯಾರೂ ನನಗೆ ನಾಲ್ಕು-ಆರು ಕೊಟ್ಟಿರಲಿಲ್ಲ. ಹಗ್ಗ ಸುತ್ತುತ್ತಿದ್ದ ಫ್ಯೂಸಣ್ಣ, “ಯಾಕೋ, ಕಮ್ಮಿ ಮಾರ್ಕ್ಸು ಬಂದಿದ್ದಕ್ಕೆ ಹೀಗೆ ಹಲ್ಲು ಕಿರೀತೀಯ?” ಎಂದು ಕೇಳಿದರು.

ಅವಳ ವರದಿಯಿಂದ ಕೆಲಸ ಎಲ್ಲಿ ಬಾಕಿಯಿದೆ ಎಂಬುದು ಗೊತ್ತಾಯಿತು. ಆಸ್ಪತ್ರೆಯ ಸೂರಿನ ಮೇಲೆ ಒಂದು ಸಣ್ಣ ಆಂಟೆನಾ ಹಾಕಿ, ಹೆರಿಗೆ ಕೋಣೆಯ ಮಂಚದ ತನಕ ಕೇಬಲ್ ಎಳೆಯಬೇಕು. ಡ್ರೈವರ್ ಸೂರು ಹತ್ತಲು ತಯಾರಿದ್ದಾನೆ, ಷರತ್ತಿನ ಮೇಲೆ: ಪರೀಕ್ಷೆ ಅವನಿಗಲ್ಲ. ನಾಳೆ ಹಾಲಿನ ವ್ಯಾನಿನಲ್ಲಿ ಕೇಬಲ್ ತೆಗೆದುಕೊಂಡು ಹೋಗುತ್ತಿದ್ದೇನೆ. ದರ್ಜಿ ತಮ್ಮ ಹಳೆ ಸೆಟ್ಟನ್ನು ಆ ಕೋಣೆಗೇ ಕೊಟ್ಟಿದ್ದಾರೆ. ‘ಮಾರಾಟಕ್ಕಿದೆ’ ಅಂಕಣದಿಂದ ಅದನ್ನು ತೆಗೆ.

ನೀನು ಹೇಳಿದಂತೆ ತೀರ್ಮಾನವನ್ನು ಮೊದಲೇ ಬರೆದು, ಸಂಘದ ಎಲ್ಲರ ಸಹಿ ಹಾಕಿಸಿ ಅಧಿಕಾರಿಗೆ ಕೊಟ್ಟಿದ್ದೇನೆ. ಔಷಧಿ, ರಕ್ತದ ಗುಂಪು, ಅಂಕಿ, ಇವುಗಳಲ್ಲಿ ಒಂದೇ ಒಂದು ಗೆರೆ ಬಂದರೂ ಹಳೆ ಸೆಟ್ಟು ಮಗಳ ಆಸ್ಪತ್ರೆಯಲ್ಲೇ ಉಳಿಯುತ್ತದೆ. ಒಂದೂ ಬರದಿದ್ದರೆ ಸೋಮವಾರ ಅದು ನದಿ ಕವಲಿನ ಆಸ್ಪತ್ರೆಗೆ ಹೋಗುತ್ತದೆ. ಬೇಕರಿಯವರು ಸಹಿ ಹಾಕುವ ಮೊದಲು ಎರಡು ಸಲ ಓದಿದರು.

ಮರುಪರೀಕ್ಷೆ ಮೇ 24, ಭಾನುವಾರ. ಬೆಳಿಗ್ಗೆ ಹತ್ತು ಗಂಟೆಗೆ ಬೇಕರಿಯವರು ಓದಲು ಶುರು ಮಾಡುತ್ತಾರೆ. ಡ್ರೈವರ್ ಮತ್ತು ಅಡುಗೆಯಮ್ಮ ಬರೆದುಕೊಳ್ಳುತ್ತಾರೆ. ಕಚೇರಿಯ ಗುಮಾಸ್ತರು ಕಾಗದಗಳನ್ನು ಹೋಲಿಸಿ ನೋಡುತ್ತಾರೆ.

ತಮ್ಮ